ಬಿಳಿ ದಾರದ ಮರಗಳ ಯಜಮಾನಿ

ಅವರು ತೀರಿಕೊಂಡ ಸುದ್ದಿ ತಿಳಿಸಲು ಫೋನ್ ಮಾಡಿದ ಅವರ ಮಗಳು ಮೊದಲು ಕೇಳಿದ್ದು, "ನಿಜವಾಗ್ಲೂ ನೀವೇನಾ ಮಾತಾಡ್ತಿರೋದು?" ಎಂದು. ನಾನೇ ಎಂದೆ. "ಹಂಗಾದ್ರೆ ನಮ್ಮ ತೋಟದಲ್ಲಿ ಬಾವಿ ಯಾವ ಕಡೆಗಿದೆ ಹೇಳಿ ನೋಡಾಣ" ಎಂದಳು. ತರೀಕೆರೆಯ ಬಸ್ ನಿಲ್ದಾಣದಲ್ಲಿ, ಕಾಲೇಜಿನ ಉತ್ತರ ಪತ್ರಿಕೆಗಳ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು, ಮೂಡಲ ಕಡೆಗೆ ಎಂದು ನಾನು ಹೇಳಿದ ಮೇಲೆಯೇ ಅವಳು "ಅಮ್ಮ ಹೋಗ್ಬಿಟ್ರು ಮೇಡಂ" ಎಂದು ಅಳಲು ಶುರು ಮಾಡಿದ್ದು. ನನಗೆ ದುಃಖದ ನಡುವೆಯೇ ನಗು ಬಂತು. ಆ ಮನೆಯಲ್ಲಿ ಸಾವಿನ ಸುದ್ದಿಯನ್ನೂ ಪರೀಕ್ಷೆ ಮಾಡದೆ ಯಾರ ಕೈಗೂ ಕೊಡುವುದಿಲ್ಲ.

ಚೌಳಹಿರಿಯೂರಿನ ಆಚೆಗಿನ ಒಂದು ಸಣ್ಣ ಹಳ್ಳಿ ಅವರದು. ಗಂಡ ಹೋದ ಮೇಲೆ ತೆಂಗಿನ ತೋಟ, ರಾಗಿ ಹೊಲ, ಹಸುಗಳು ಎಲ್ಲಕ್ಕೂ ಅವರೇ ಯಜಮಾನಿ. ಎಷ್ಟು ಓದಿದ್ದರೋ ಗೊತ್ತಿಲ್ಲ. ಕೇಳಿದರೆ, "ಯಾಕೆ, ಕೆಲ್ಸ ಕೊಡುಸ್ತೀಯಾ?" ಎನ್ನುತ್ತಿದ್ದರು. ಊರಿನವರು ಎದುರಿಗೆ ಅಮ್ಮ ಎಂದೂ ಬೆನ್ನ ಹಿಂದೆ ಸಿ.ಐ.ಡಿ. ಎಂದೂ ಕರೆಯುತ್ತಿದ್ದರು. ಅದು ಅವರಿಗೆ ತಿಳಿದಿತ್ತು. ಬೇಜಾರೇನೂ ಇರಲಿಲ್ಲ, ಯಾರು ಯಾರು ಹಾಗೆ ಕರೆಯುತ್ತಾರೆ ಎಂಬುದನ್ನು ಮಾತ್ರ ಪತ್ತೆ ಮಾಡಿ ಇಟ್ಟುಕೊಂಡಿದ್ದರು.

ತೆಂಗಿನಕಾಯಿ ಕೊಳ್ಳುವವರು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರಲ್ಲ, ಅವರು ಮನುಷ್ಯರ ಮಾತನ್ನೂ ಹಾಗೆಯೇ ಕೇಳುತ್ತಿದ್ದರು. ತಲೆ ಒಂದು ಕಡೆಗೆ ವಾಲುತ್ತಿತ್ತು, ಕಣ್ಣು ಅರ್ಧ ಮುಚ್ಚುತ್ತಿತ್ತು, ಒಳಗೆ ನೀರಿದೆಯೋ ಇಲ್ಲವೋ ನೋಡುವ ಹಾಗೆ. ಹಾಲಿನ ಡೇರಿಗೆ ಕೊಬ್ಬಿನಂಶ ಅಳೆಯುವ ಹೊಸ ಮಿಷನ್ ಬಂದಾಗ, ಒಂದೇ ಹಸುವಿನ ಹಾಲನ್ನು ಎರಡು ಕ್ಯಾನಿಗೆ ಹಾಕಿ, ಒಂದನ್ನು ತಾವು ತಂದು, ಇನ್ನೊಂದನ್ನು ಪಕ್ಕದ ಮನೆಯವರ ಕೈಯಲ್ಲಿ ಕಳಿಸಿದರಂತೆ. ಎರಡಕ್ಕೂ ಒಂದೇ ಅಂಕಿ ಬಂದ ಮೇಲೆ "ಇವತ್ತು ಸರಿಯಾಗೈತೆ" ಎಂದಷ್ಟೇ ಹೇಳಿ ಹೋದರಂತೆ. ಟಿ.ವಿ.ಯಲ್ಲಿ ಮಳೆ ಬರುತ್ತದೆ ಎಂದರೆ ಹಠಕ್ಕೆ ಬಿದ್ದವರಂತೆ ಕೊಬ್ಬರಿಯನ್ನು ಅಂಗಳದಲ್ಲಿ ಹರವುತ್ತಿದ್ದರು. ಒಂದು ವರ್ಷ ಮಳೆ ಬಂದೇ ಬಂತು, ಕೊಬ್ಬರಿಗೆಲ್ಲ ಬೂಷ್ಟು ಹಿಡಿಯಿತು. ಆಗಲಾದರೂ ಬುದ್ಧಿ ಬಂತೇ ಎಂದರೆ, "ಈಗ ಒಂದು ನಿಜ ಹೇಳವ್ನೆ ಅಂದ್ರೆ, ಮುಂದೆ ಎಂಥದೋ ದೊಡ್ಡ ಸುಳ್ಳು ಹೇಳಕ್ಕೆ ತಯಾರಿ ನಡೆಸವ್ನೆ" ಎಂದರಂತೆ. ಇಂಥವರ ತೋಟಕ್ಕೆ ನಾನು ಹೋಗಬೇಕಾಗಿ ಬಂತು.

ನನ್ನದು ಅಜ್ಜಂಪುರದ ಕಡೆ. ಅಪ್ಪ ಈರುಳ್ಳಿ ಹೊಲದಲ್ಲಿ ದುಡಿದವರು, ಅಮ್ಮ ಕಂಡವರ ಹೊಲದಲ್ಲಿ ಕಳೆ ಕಿತ್ತವರು. ನಮ್ಮ ವಂಶದಲ್ಲಿ ಡಿಗ್ರಿ ತೆಗೆದುಕೊಂಡವಳು ನಾನೇ ಮೊದಲು. ಬೀರೂರಿನವರೆಗೆ ರೈಲು, ಅಲ್ಲಿಂದ ಕಡೂರಿಗೆ ಬಸ್ಸು. ನಿಂತುಕೊಂಡೇ ಓದಿ ಸಸ್ಯಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿದವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರಾದರೂ ನನ್ನ ಹೆಸರಿನ ಮುಂದೆ ಡಿಗ್ರಿ ಸೇರಿಸದೆ ಬರೆದರೆ ಈಗಲೂ ಪೆನ್ನು ಇಸಿದುಕೊಂಡು ಸೇರಿಸುತ್ತೇನೆ.

ಡಿಗ್ರಿ ಮುಗಿದ ಮೇಲೆ ನನಗೆ ತೆಂಗಿನ ಸಂಶೋಧನೆಯ ಯೋಜನೆಯೊಂದರಲ್ಲಿ ಕ್ಷೇತ್ರ ಸಹಾಯಕಿಯ ಕೆಲಸ ಸಿಕ್ಕಿತು. ತಾತ್ಕಾಲಿಕ ಕೆಲಸ. ಆಗ ತೆಂಗಿಗೆ ನುಸಿಯ ಕಾಟ. ತೊಟ್ಟಿನ ಕೆಳಗೆ ಕಂದು ಮಚ್ಚೆ ಬಿದ್ದು, ಕಾಯಿ ಸೊಟ್ಟಗೆ, ಸಣ್ಣಗೆ ಆಗುತ್ತಿತ್ತು. ಅದಕ್ಕೆ ಬೇವಿನಿಂದ ಮಾಡಿದ ಒಂದು ಹೊಸ ಔಷಧಿ ಬಂದಿತ್ತು. ಮರದ ಬುಡ ಕೆದಕಿ, ಒಂದು ಎಳೆಯ ಬೇರನ್ನು ಚಾಕುವಿನಿಂದ ಓರೆಯಾಗಿ ಕತ್ತರಿಸಿ, ಔಷಧಿ ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ ಅದರ ತುದಿ ಇಳಿಸಿ, ದಾರ ಬಿಗಿದು, ಮಣ್ಣು ಮುಚ್ಚಬೇಕು. ಮರ ಅದನ್ನು ಹೀರಿಕೊಳ್ಳುತ್ತದೆ. ರೈತರ ತೋಟಗಳಲ್ಲಿ ಇದನ್ನು ಪರೀಕ್ಷಿಸಿ ನೋಡುವುದೇ ನಮ್ಮ ಕೆಲಸ. ಅರ್ಧ ಮರಗಳಿಗೆ ಕೆಂಪು ದಾರ, ಅವಕ್ಕೆ ಔಷಧಿ. ಇನ್ನರ್ಧಕ್ಕೆ ಬಿಳಿ ದಾರ, ಅವಕ್ಕೆ ಬರೀ ನೀರು. ಯೋಜನೆಯ ಮುಖ್ಯಸ್ಥರಾದ ನಮ್ಮ ಸರ್ ಕಟ್ಟುನಿಟ್ಟಾಗಿ ಹೇಳಿದ್ದರು: "ನೀರಿನ ವಿಷಯ ರೈತರಿಗೆ ಗೊತ್ತಾಗಬಾರದು. ಗೊತ್ತಾದರೆ ಬಿಳಿ ದಾರದ ಮರಕ್ಕೂ ಅವರೇ ಔಷಧಿ ತಂದು ಕಟ್ಟಿಬಿಡುತ್ತಾರೆ. ಪ್ರಯೋಗ ಕೆಟ್ಟುಹೋಗುತ್ತದೆ."

ಮೊದಲ ದಿನ ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನೇ, ಪುಗಸಟ್ಟೆ ಔಷಧಿ ಕಟ್ತೀಯಂತೆ. ನಿಂಗೇನು ಲಾಭ?" ಎಂದರು. ಸಂಶೋಧನೆ ಅಮ್ಮ, ರೈತರಿಗೆ ಅನುಕೂಲ ಆಗಲಿ ಅಂತ, ಎಂದೆ. "ನಿಂಗೇನು ಲಾಭ ಅಂದೆ. ರೈತ್ರುದ್ದು ಕೇಳ್ಲಿಲ್ಲ." ನಾನು ಡಿಗ್ರಿ ಮಾಡಿದವಳು, ಇದು ನನ್ನ ಉದ್ಯೋಗ, ಎಂದು ಸ್ವಲ್ಪ ಗತ್ತಿನಿಂದಲೇ ಹೇಳಿದೆ. ಅಂದಿನಿಂದ ನಾನು ಅವರ ಬಾಯಲ್ಲಿ ಡಿಗ್ರಿಯಮ್ಮ ಆದೆ. ನಾನು ಬುಡ ಕೆದಕುವಾಗ ಬೆನ್ನ ಹಿಂದೆಯೇ ನಿಲ್ಲುತ್ತಿದ್ದರು. ತಲೆ ಎತ್ತಿದರೆ ಅವರ ಸೀರೆಯ ನೆರಿಗೆ ಕಾಣುತ್ತಿತ್ತು, ಇನ್ನೂ ಎತ್ತಿದರೆ ಆ ಅರ್ಧ ಮುಚ್ಚಿದ ಕಣ್ಣು.

ಮಳೆಗಾಲ ಮುಗಿಯುತ್ತಾ ಬಂದಿದ್ದ ಒಂದು ಬೆಳಿಗ್ಗೆ ನಾನು ಬಸ್ಸಿಳಿದರೆ ಹೋಟೆಲಿನ ಮುಂದೆ ಕೂತಿದ್ದವರೆಲ್ಲ ಮಾತು ನಿಲ್ಲಿಸಿದರು. ಹೋಟೆಲಿನವನು ಲೋಟ ತೊಳೆಯುತ್ತಾ, "ಏನ್ ಮೇಡಂ, ಇವತ್ತು ಯಾವುದು? ನೀರಾ, ಔಷಧೀನಾ?" ಎಂದ. ಉಳಿದವರು ನಕ್ಕರು. ನೀರಿನ ಗುಟ್ಟು ರಟ್ಟಾಗಿತ್ತು.

ಆಗಿದ್ದು ಇಷ್ಟು. ಹಿಂದಿನ ಸಲ ನಾನು ಕಟ್ಟಿ ಬಂದ ಮೇಲೆ ಆಕೆ ಒಂದು ಕೆಂಪು ದಾರದ ಚೀಲ ಬಿಚ್ಚಿ ಮೂಸಿದ್ದಾರೆ, ಬೇವಿನ ಕಹಿ ವಾಸನೆ. ಬಿಳಿ ದಾರದ್ದು ಬಿಚ್ಚಿ ಮೂಸಿದ್ದಾರೆ, ವಾಸನೆಯಿಲ್ಲ. ಬೆರಳು ಅದ್ದಿ ನಾಲಿಗೆಗೆ ಇಟ್ಟು ನೋಡಿದ್ದಾರೆ, ನೀರು. ಬಿಳಿ ದಾರದ ಮರಗಳನ್ನೆಲ್ಲ ಹಾಗೆಯೇ ನೋಡಿದ್ದಾರೆ, ಎಲ್ಲಾ ನೀರು. ಡಿಗ್ರಿಯಮ್ಮ ಅರ್ಧ ಔಷಧಿಯನ್ನು ಮಾರಿಕೊಂಡು, ಲೆಕ್ಕ ಸರಿಮಾಡಲು ನೀರು ಕಟ್ಟಿ ಹೋಗುತ್ತಾಳೆ ಎಂದು ತೀರ್ಮಾನ ಮಾಡಿ, ಮಾರನೆಯ ದಿನ ಡೇರಿಯ ಮುಂದೆ ಊರಿಗೆಲ್ಲ ಸಾರಿದ್ದಾರೆ.

ಡೇರಿಯ ಕಟ್ಟೆಯ ಮೇಲೆ ಅವರು ನನಗೇ ಕಾಯುತ್ತಿದ್ದರು. ಸುತ್ತ ಜನ.

"ಬ್ಯಾಗ್ ಬಿಚ್ಚು" ಎಂದರು.

"ಯಾಕೆ ಬಿಚ್ಚಬೇಕು? ನಾನು ಡಿಗ್ರಿ ತಗೊಂಡಿರೋದು ಕಳ್ಳತನ ಮಾಡಕ್ಕಲ್ಲ."

"ಡಿಗ್ರಿ ತಗಂಡೋರೇ ಕಣೇ ಅದನ್ನ ಚೆನ್ನಾಗಿ ಮಾಡೋದು. ಓದದೇ ಇರೋರು ಸಿಗಾಕ್ಕಂಬಿಡ್ತಾರೆ."

ಎಲ್ಲರೂ ಹೋ ಎಂದರು. ಒಬ್ಬ ಯಜಮಾನರು, "ಅಲ್ಲವ್ವಾ, ಒಂದೇ ಪಂಕ್ತೀಲಿ ಕೂರ್ಸಿ ಒಬ್ರಿಗೆ ಪಾಯ್ಸ ಬಡಿಸಿ, ಪಕ್ಕದೋರಿಗೆ ನೀರು ಬಿಟ್ಕಂಡು ಹೋಯ್ತೀಯಲ್ಲ, ಇದು ಯಾವ ಸೀಮೆ ನ್ಯಾಯ?" ಎಂದರು. ನನಗೆ ಕಣ್ಣಲ್ಲಿ ನೀರು ಬಂತು, ಆದರೆ ಅಲ್ಲಿ ಅಳಲಿಲ್ಲ. ಸರ್ ಹೇಳಿದ್ದನ್ನು ಪಕ್ಕಕ್ಕಿಟ್ಟು ಬಾಯಿಬಿಟ್ಟೆ.

"ಎಲ್ಲಾ ಮರಕ್ಕೂ ಔಷಧಿ ಕೊಟ್ಟೆ ಅಂತ ಇಟ್ಕೊಳ್ಳಿ. ಕಾಯಿ ಚೆನ್ನಾಗಾಯ್ತು. ಅದು ಔಷಧಿಯಿಂದ ಆಗಿದ್ದೋ, ಮಳೆಯಿಂದ ಆಗಿದ್ದೋ ಹೆಂಗೆ ಹೇಳ್ತೀರಿ? ನೀರು ಕಟ್ಟಿದ ಮರಾನೂ ಅಷ್ಟೇ ಚೆನ್ನಾಗಾದ್ರೆ ಔಷಧಿ ದಂಡ ಅಂತ. ಆಗ್ಲಿಲ್ಲ ಅಂದ್ರೆ ಔಷಧೀಲಿ ಸತ್ಯ ಇದೆ ಅಂತ. ಅದನ್ನ ನೋಡಕ್ಕೇ ನೀರು ಕಟ್ಟೋದು."

ಆಕೆ ತಲೆ ವಾಲಿಸಿ ನನ್ನ ಮಾತನ್ನು ಬಹಳ ಹೊತ್ತು ಅಲ್ಲಾಡಿಸಿ ನೋಡಿದರು.

"ಔಷಧಿ ಮೇಲೇ ಅನುಮಾನ ಪಟ್ಟು ಮಾಡೋ ಕೆಲ್ಸ ಅನ್ನು."

"ಹೂಂ, ಹಂಗೇ."

"ಒಳ್ಳೇದೇ ಆಯ್ತು. ಮೊದ್ಲೇ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಕದ್ದು ಔಷಧಿ ಕಟ್ತೀರಿ ಅಂತ."

"ಓಹೋ. ಮರ ನಂದು, ಮಣ್ಣು ನಂದು, ನನ್ನ ಮರಕ್ಕೆ ಏನು ಕಟ್ಟವ್ರೆ ಅನ್ನೋದು ನಂಗೇ ಗೊತ್ತಾಗ್ಬಾರ್ದು! ನೀವು ನನ್ನ ಕಳ್ಳಿ ಅಂದ್ಕಂಡ್ರಿ, ನಾನು ನಿನ್ನ ಕಳ್ಳಿ ಅಂದ್ಕಂಡೆ. ಸರಿಹೋಯ್ತು ಬಿಡು."

ಅವರ ಮಟ್ಟಿಗೆ ಸರಿಹೋಯಿತು, ನನ್ನ ಮಟ್ಟಿಗೆ ಹೋಗಲಿಲ್ಲ. ಕಳ್ಳತನದ ಆ ಮಾತು ಬಸ್ಸಿನಲ್ಲಿ, ಸಂತೆಯಲ್ಲಿ ಓಡಾಡಿ ಅಜ್ಜಂಪುರದ ಕಡೆಗೂ ಮುಟ್ಟಿತು. "ನಿನ್ನ ಮಗಳು ಔಷಧಿ ಮಾರ್ಕಂಡ್ಳಂತೆ" ಎಂದು ಯಾರೋ ಅಮ್ಮನಿಗೆ ಹೊಲದಲ್ಲೇ ಹೇಳಿದರು. ಅಮ್ಮ ಒಂದು ವಾರ ನನ್ನ ಮುಖ ನೋಡಿ ಮಾತಾಡಲಿಲ್ಲ. ಮಾತು ಹುಟ್ಟಿಸಿದ ತೋಟದ ಯಜಮಾನಿ ನನ್ನಲ್ಲಿ ಒಮ್ಮೆಯೂ ತಪ್ಪಾಯಿತು ಎನ್ನಲಿಲ್ಲ. ತೀರಿಹೋದವರ ಬಗ್ಗೆ ಬರೆಯುವಾಗ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ, ನಾನು ಬರೆಯುವುದಿಲ್ಲ. ಅದು ಅನ್ಯಾಯ, ಈಗಲೂ ನನಗೆ ಸಿಟ್ಟಿದೆ.

ಸರ್ ನನ್ನನ್ನು ಚೆನ್ನಾಗಿ ಬೈದು, ಆ ತೋಟದಲ್ಲಿ ಹೊಸದಾಗಿ ಶುರು ಮಾಡು ಎಂದರು. ಯಾವ ಮರಕ್ಕೆ ಯಾವ ದಾರ ಎಂದು ಕಂಪ್ಯೂಟರ್ ಹೇಳಿದ್ದನ್ನು ಹಿಡಿದುಕೊಂಡು ಹೋದೆ. ಆಕೆ ಅದನ್ನು ನೋಡಲೂ ಇಲ್ಲ. "ನಿಮ್ಮ ಕಂಪ್ಯೂಟ್ರು ನಿಮ್ಮನೇದು. ಚೆನ್ನಾಗಿರೋ ಮರಕ್ಕೇ ಔಷಧಿ ಕಟ್ಟಿ, ನೋಡಿ ನಮ್ಮ ಔಷಧಿ ಮಹಿಮೆ ಅಂತೀರಿ" ಎಂದರು. ಒಳಗೆ ಹೋಗಿ ಚೌಕಾಬಾರದ ಹುಣಸೆ ಬೀಜ ತಂದರು, ಒಂದು ಮಗ್ಗುಲು ತೇಯ್ದು ಬೆಳ್ಳಗೆ ಮಾಡಿದ್ದು. ನಾನು ಅಕ್ಕಪಕ್ಕದ ಮರಗಳನ್ನು ಜೋಡಿ ಜೋಡಿ ಮಾಡಿದೆ. ಬೀಜ ಎಸೆದಾಗ ಬಿಳಿ ಮೇಲಾದರೆ ಈ ಮರಕ್ಕೆ ನೀರು, ಕಪ್ಪು ಮೇಲಾದರೆ ಆ ಮರಕ್ಕೆ. ಒಂದು ಸಲ ಅವರು ಎಸೆಯುವುದು, ಒಂದು ಸಲ ನಾನು. ಅವರು ಎಸೆದಾಗ ಅವರ ಬೆರಳನ್ನು ನಾನು ನೋಡುತ್ತಿದ್ದೆ, ನಾನು ಎಸೆದಾಗ ನನ್ನ ಬೆರಳನ್ನು ಅವರು. ಕಂಪ್ಯೂಟರ್ ಮಾಡುವುದೂ ಇದನ್ನೇ. ಹಾಗೆಂದು ನಾನು ಹೇಳಲು ಹೋಗಲಿಲ್ಲ.

ಬಾವಿಯ ಪಕ್ಕದಲ್ಲಿ ಒಂದು ಮರವಿತ್ತು. ಮಗಳು ಹುಟ್ಟಿದಾಗ ನೆಟ್ಟಿದ್ದು. ಮನೆಯ ಶುಭಕಾರ್ಯಕ್ಕೆಲ್ಲ ಅದರ ಕಾಯಿಯೇ ಆಗಬೇಕು. ಅದಕ್ಕೆ ಬೀಜ ಎಸೆದವರು ಅವರೇ. ಬಿಳಿ ಬಿತ್ತು, ನೀರು. ಕಡೂರಿನಿಂದ ಬಂದಿದ್ದ ಮಗಳು, "ಅಮ್ಮಾ, ನನ್ನ ಮರಕ್ಕೇ ನೀರಾ?" ಎಂದಳು. ಆಕೆ ಬೀಜವನ್ನೇ ನೋಡುತ್ತಾ ಕೂತಿದ್ದರು. ಬೇಕಾದರೆ ಇನ್ನೊಂದು ಸಲ ಹಾಕಿ ಅಮ್ಮ ಎಂದೆ ನಾನು. ಕನಿಕರದಿಂದ ಹೇಳಿದ್ದಲ್ಲ, ಏನು ಮಾಡುತ್ತಾರೆ ನೋಡೋಣ ಎಂದು.

"ಆಟದಲ್ಲಿ ಹಂಗುಂಟೇನೇ?" ಎಂದು ಗದರಿ ಮುಂದಿನ ಮರಕ್ಕೆ ನಡೆದರು.

ನಾನು ನಂಬಲಿಲ್ಲ. ಇವರು ಈ ಮರವನ್ನು ಬಿಡುವುದಿಲ್ಲ, ನಾನು ಬೆನ್ನು ತಿರುಗಿಸಿದ ಕೂಡಲೇ ಕಡೂರಿನಿಂದ ಔಷಧಿ ತರಿಸಿ ಕಟ್ಟುತ್ತಾರೆ ಎಂದು ಮನಸ್ಸು ಹೇಳುತ್ತಲೇ ಇತ್ತು. ಅನುಮಾನ ಅಂಟುಜಾಡ್ಯ, ಅವರಿಂದಲೇ ನನಗೆ ಬಂದದ್ದು. ಕಾಯಿ ಕೀಳುವವರನ್ನು ಬೇರೆ ಬೇರೆಯಾಗಿ ಕರೆದು, ಮೇಲೆ ಏನಾದರೂ ಸಿಂಪಡಿಸಿದ್ದಾರಾ ಎಂದು ವಿಚಾರಿಸಿದೆ. ಇಲ್ಲ ಎಂದರು. ಕಟ್ಟುವ ಕೆಲಸ ಕೊನೆಯಾಗಿ, ಕಾಯಿ ನೋಡುವ ಕಾಲ ಬಂದಾಗ, ಆಕೆ ಡೇರಿಗೆ ಹೋದ ಹೊತ್ತು ನೋಡಿ ತೋಟಕ್ಕೆ ನುಗ್ಗಿದೆ. ಔಷಧಿ ಕಟ್ಟಬೇಕಾದರೆ ಬೇರು ಕತ್ತರಿಸಲೇಬೇಕು, ಕತ್ತರಿಸಿದ ಬೇರಿನ ಓರೆ ಗುರುತು ಹೋಗುವುದಿಲ್ಲ. ನಾನು ಕತ್ತರಿಸಿದ್ದಕ್ಕಿಂತ ಒಂದೇ ಒಂದು ಹೆಚ್ಚಿಗೆ ಸಿಕ್ಕರೂ ಆಕೆಯ ಬಣ್ಣ ಬಯಲಾಗುತ್ತಿತ್ತು. ಬಾವಿ ಮರದ ಬುಡದಲ್ಲಿ ಕೂತು ಕೆದಕುತ್ತಿದ್ದೆ. ಕಣ್ಣ ಮುಂದೆ ಸೀರೆಯ ನೆರಿಗೆ ಕಂಡಿತು.

"ಏನೇ ಹುಡುಕ್ತಿದೀಯಾ?"

ಸಿಕ್ಕಿಬಿದ್ದ ಮೇಲೆ ಸುಳ್ಳು ಹೇಳುವುದು ನನಗೆ ಬರುವುದಿಲ್ಲ. "ನೀವು ಕದ್ದು ಔಷಧಿ ಕಟ್ಟಿದೀರಾ ಅಂತ ನೋಡ್ತಿದೀನಿ" ಎಂದೆ.

ಬೈಗುಳ ಬೀಳುತ್ತದೆ, ಗುದ್ದಲಿ ಕಾವಿನಿಂದ ಏಟೂ ಬೀಳಬಹುದು ಎಂದುಕೊಂಡಿದ್ದೆ. ಆಕೆಯ ಮುಖ ಅರಳಿತು. ಅಷ್ಟು ದಿನದಲ್ಲಿ ಅವರ ಎರಡೂ ಕಣ್ಣು ಪೂರ್ತಿ ತೆರೆದದ್ದನ್ನು ನಾನು ನೋಡಿದ್ದು ಅವತ್ತೇ.

"ಈಗ ನೋಡು, ಓದಿದ್ದಕ್ಕೆ ಸಾರ್ಥಕ ಆಯ್ತು" ಎಂದರು. "ಬರೀ ಈ ಮಗ್ಗುಲು ಕೆದಕಿದ್ರೆ ಆಯ್ತಾ? ಬಾವಿ ಕಡೆ ಯಾರು ನೋಡ್ತಾರೆ? ನಾನು ಕಳ್ಳಿಯಾಗಿದ್ರೆ ಬಾವಿ ಕಡೆಗೇ ಕಟ್ತಿದ್ದೆ. ತಿರುಗು ಆ ಕಡೆ."

ಆ ಕಡೆಗೂ ಕೆದಕಿದೆ. ಬಿಳಿ ದಾರದ ಅಷ್ಟೂ ಮರಗಳ ಬುಡ ಕೆದಕಿದೆ, ಆಕೆ ಮಣ್ಣು ಸರಿಸಿಕೊಟ್ಟರು. ನಾನು ಕತ್ತರಿಸಿದ್ದು ಬಿಟ್ಟು ಬೇರೆ ಗುರುತು ಒಂದೂ ಸಿಗಲಿಲ್ಲ. ಬಾವಿ ಮರದ ಮೇಲೆ ನುಸಿ ಹತ್ತಿ ಸೊರಗಿದ ಕಾಯಿಗಳು ನೇತಾಡುತ್ತಿದ್ದವು. ಅವತ್ತು ಮೊದಲ ಸಲ ನನಗೆ ಮನೆಯೊಳಗೆ ಕರೆದು ಊಟ ಹಾಕಿದರು, ಮುದ್ದೆ, ಹುರುಳಿಕಾಳಿನ ಸಾರು. ಬಡಿಸುತ್ತಾ, "ನಾನು ಏನಾದ್ರೂ ಬೆರೆಸಿರಬೋದು, ನೋಡ್ಕಂಡು ಉಣ್ಣು" ಎಂದು ನಕ್ಕರು.

ಆ ತೋಟದಲ್ಲಿ ಕೆಂಪು ದಾರದ ಮರಕ್ಕೂ ಬಿಳಿ ದಾರದ ಮರಕ್ಕೂ ವ್ಯತ್ಯಾಸ ಕಾಣಲಿಲ್ಲ. ಬೇರೆ ಕೆಲವು ತೋಟಗಳಲ್ಲಿ ಔಷಧಿ ಸ್ವಲ್ಪ ಕೆಲಸ ಮಾಡಿದಂತೆ ಕಂಡಿತ್ತು. ಔಷಧಿಯನ್ನು ತಾಲ್ಲೂಕಿನ ರೈತರಿಗೆಲ್ಲ ಶಿಫಾರಸು ಮಾಡಬೇಕೋ ಬೇಡವೋ ಎಂಬುದು ನಮ್ಮ ವರದಿಯಿಂದಲೇ ತೀರ್ಮಾನವಾಗಬೇಕು. ಕಡೂರಿನಲ್ಲಿ ರೈತರ ಸಭೆ ಕರೆದರು. ಸರ್ ವೇದಿಕೆಯ ಮೇಲೆ ನಿಂತು, "ಚೌಳಹಿರಿಯೂರಿನ ಕಡೆಯ ಒಂದು ತೋಟವನ್ನು ಕೈಬಿಟ್ಟಿದ್ದೇವೆ. ಅಲ್ಲಿ ನೀರಿನ ವಿಷಯ ಮೊದಲೇ ಬಯಲಾಗಿತ್ತು. ತೋಟದವರೇ ಕೈಯಾಡಿಸಿ ಪ್ರಯೋಗ ಕೆಡಿಸಿದ್ದಾರೆ" ಎಂದರು.

ಸಭೆಯಲ್ಲಿ ಅವರ ಊರಿನವರೂ ಇದ್ದರು. ಎಲ್ಲರ ತಲೆಯೂ ಅವರ ಕಡೆ ತಿರುಗಿತು. ಹಿಂದಿನ ಸಾಲಿನಿಂದ ಯಾರೋ, "ಊರಿಗೆಲ್ಲ ಕಳ್ಳತನ ಕಟ್ಟೋಳು, ಈಗ ತಾನೇ ಸಿಗಾಕ್ಕಂಡ್ಳು ನೋಡು" ಎಂದದ್ದು ನನಗೂ ಕೇಳಿಸಿತು. ಜೀವಮಾನವಿಡೀ ಬೇರೆಯವರ ಪ್ರಾಮಾಣಿಕತೆಯನ್ನು ತೂಗಿದವರಿಗೆ ಮುಂದೆ ಆ ಊರಿನಲ್ಲಿ ಬಾಯಿ ತೆರೆಯುವ ಹಾಗಿರಲಿಲ್ಲ.

ಕಳ್ಳಿ ಅನ್ನಿಸಿಕೊಂಡರೆ ಹೇಗಿರುತ್ತದೆ ಎಂದು ನನಗೆ ಅವರೇ ಕಲಿಸಿದ್ದರು. ನಾನು ಎದ್ದು ನಿಂತು, "ಸರ್, ಅಷ್ಟೂ ಮರದ ಬುಡ ನಾನು ಅಗೆದು ನೋಡಿದ್ದೇನೆ. ಅವರು ಮುಟ್ಟಿಲ್ಲ" ಎಂದೆ.

"ಕೂತ್ಕೋಮ್ಮ. ನೀನೂ ಇದೇ ಕಡೆಯ ಹುಡುಗಿ, ನಿನಗೆ ಅವರ ಮೇಲೆ ಅಭಿಮಾನ ಇರುತ್ತೆ" ಎಂದರು ಸರ್.

ಕೆಟ್ಟ ಮನುಷ್ಯರಲ್ಲ ಅವರು. ಆದರೆ ಆ ಮಾತು ನನ್ನ ಡಿಗ್ರಿಯನ್ನು ಎಲ್ಲರ ಮುಂದೆ ಹರಿದು ಹಾಕಿದ ಹಾಗಿತ್ತು. ನಾನು ಕೂರಲಿಲ್ಲ. ಅಷ್ಟರಲ್ಲಿ ಆಕೆ ಎದ್ದರು. ಸೆರಗು ಸರಿ ಮಾಡಿಕೊಂಡು, ವೇದಿಕೆಯ ಹತ್ತಿರಕ್ಕೆ ಹೋದರು.

"ಸ್ವಾಮಿ, ನನ್ಮೇಲೆ ಅನುಮಾನ ಪಡಿ, ನಾನು ಬ್ಯಾಡ ಅನ್ನಲ್ಲ. ಈ ಹುಡುಗೀನೂ ಪಟ್ಳು. ಪಟ್ಟು, ಮಂಡಿ ಊರಿ ಮಣ್ಣು ಕೆದಕಿದ್ಳು. ನೀವು ಖುರ್ಚಿ ಮೇಲೆ ಕೂತ್ಕಂಡೇ ಅನುಮಾನ ಮುಗಿಸ್ಬಿಟ್ರಲ್ಲ! ಬನ್ನಿ ತೋಟಕ್ಕೆ. ಗುದ್ದಲಿ ನಾನೇ ಕೊಡ್ತೀನಿ."

ಯಾರೋ ಚಪ್ಪಾಳೆ ತಟ್ಟಿದರು, ಆಮೇಲೆ ಎಲ್ಲರೂ ತಟ್ಟಿದರು. ಸರ್ ಬರುತ್ತೇನೆ ಎನ್ನಲೇಬೇಕಾಯಿತು.

ಹೊರಗೆ ಬಂದ ಮೇಲೆ ಆಕೆ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಥ್ಯಾಂಕ್ಸ್ ಹೇಳುತ್ತಾರೇನೋ ಎಂದುಕೊಂಡೆ. ತಲೆ ವಾಲಿತು, ಕಣ್ಣು ಅರ್ಧ ಮುಚ್ಚಿತು.

"ನನ್ನ ಪರ ಯಾಕೆ ಎದ್ದೆ? ಕೆಲ್ಸ ಹೋಗ್ಬೋದು ಅಂತ ಗೊತ್ತಿತ್ತಲ್ಲ. ಏನು ಬೇಕು ನಿಂಗೆ?"

"ಏನೂ ಬೇಡಮ್ಮ. ನಾನು ನೋಡಿದ್ದನ್ನ ಹೇಳಿದೆ."

"ಏನೂ ಬ್ಯಾಡ್ವಂತೆ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಬಸ್ಸಿನ ಕಡೆ ನಡೆದರು. ನಂಬಲಿಲ್ಲ ಎಂಬುದು ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ಕೊನೆಗೆ ವರದಿಯಲ್ಲಿ ಅವರ ತೋಟ ಉಳಿಯಿತು. ಔಷಧಿ ಎಲ್ಲಾ ಕಡೆ ಕೆಲಸ ಮಾಡುವುದಿಲ್ಲ ಎಂದು ಬರೆದೇ ಕಳಿಸಿದರು. ಅದು ಉಳಿದದ್ದು ಹೇಗೆಂದರೆ, ಸಭೆಯಾದ ಮುಂದಿನ ವಾರ ಸರ್ ನಿಜವಾಗಿಯೂ ಬಂದರು, ಇಸ್ತ್ರಿ ಮಾಡಿದ ಪ್ಯಾಂಟು, ಬೂಟು. ಅರ್ಧ ಊರೇ ಬೇಲಿಯ ಆಚೆ ನಿಂತಿತ್ತು. ಆಕೆ ಸಣ್ಣ ಗುದ್ದಲಿಯನ್ನು ತೊಳೆದು ತಂದು ಅವರ ಕೈಗೇ ಕೊಟ್ಟರು. ನಾನು ತೆಗೆದುಕೊಳ್ಳಲು ಹೋದರೆ, "ನೀನು ಬ್ಯಾಡ, ನೀನು ಇದೇ ಕಡೆಯೋಳಲ್ವಾ" ಎಂದರು. ಸರ್ ಒಂದು ಮರದ ಬುಡ ಕೆದಕಿ ಬೇರುಗಳನ್ನು ಒಂದೊಂದಾಗಿ ನೋಡಿದರು. ಎರಡನೆಯ ಮರದ ಬುಡ ಕೆದಕುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಎದ್ದು ಮಣ್ಣಾದ ಕೈ ಮುಗಿದು, "ಸಾಕಮ್ಮ, ನಂಬಿದೆ. ನಿಮ್ಮನ್ನ ನಾನು ಪೂರ್ತಿ ನಂಬ್ತೀನಿ" ಎಂದರು.

"ನಂಬೋದು ಬ್ಯಾಡ ಸ್ವಾಮಿ" ಎಂದರು ಆಕೆ, ಮುಂದಿನ ಬಿಳಿ ದಾರದ ಮರವನ್ನು ತೋರಿಸುತ್ತಾ. "ಅಗೀರಿ."

ಸರ್ ಬೂಟು ಬಿಚ್ಚಿ ಬದುವಿನ ಮೇಲಿಟ್ಟು, ಪ್ಯಾಂಟು ಮಡಚಿಕೊಂಡು, ಮೂರನೆಯ ಮರದ ಬುಡಕ್ಕೆ ಮಂಡಿಯೂರಿದರು.